ತಕ್ಕಡಿಯಲ್ಲಿ ತೂಗುವುದು ಯಾವುದು?

ತೋಡಾರಿಗೆ ಮದುವೆಯಾಗಿ ಹೋದ ನನ್ನ ತಂಗಿಯನ್ನು ಕಾಣಲು ಮಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಶಸ್ತ್ರಚಿಕಿತ್ಸೆಯಾಗಿ ಅಂದಿಗೆ ಎರಡನೆಯ ದಿನ. ಮಂಚದ ಪಕ್ಕದ ಮೇಜಿನ ಮೇಲೆ ಔಷಧಿ ಅಳೆಯುವಂತಹ ಪುಟ್ಟ ಲೋಟವೊಂದಿತ್ತು. ಅದರಲ್ಲಿ 30 ಮಿಲಿಲೀಟರ್ ನೀರು. ಅಷ್ಟು ನೀರನ್ನು ಆಕೆ ಕಾಲು ಗಂಟೆಯಲ್ಲಿ ಗುಟುಕು ಗುಟುಕಾಗಿ ಕುಡಿದು ಮುಗಿಸಬೇಕಿತ್ತು. ಬೇಸಿಗೆಯಲ್ಲಿ ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿಯುತ್ತಿದ್ದವಳು ಆ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಬಿಸ್ಮಿ ಹೇಳಿ ತುಟಿಗೆ ತಾಗಿಸುವುದನ್ನು ನೋಡುತ್ತಾ ಕುಳಿತೆ.

ಅಷ್ಟರಲ್ಲಿ ಊರಿನಿಂದ ನಾಲ್ಕೈದು ಮಂದಿ ಬಂದರು. ಒಬ್ಬರ ಕೈಯಲ್ಲಿ ಫ್ಲಾಸ್ಕಿನ ತುಂಬ ಕೋಳಿ ಸೂಪು, ಇನ್ನೊಬ್ಬರ ಚೀಲದಲ್ಲಿ ಸೇಬು, ಬಿಸ್ಕೆಟು. ಎಲ್ಲರೂ ಪ್ರೀತಿಯಿಂದಲೇ ಬಂದವರು. ಆದರೆ ಅವರಲ್ಲೊಬ್ಬ ಹಿರಿಯಾಕೆ ಸಲಾಮ್ ಹೇಳಿ ಕುಳಿತ ಮರುಕ್ಷಣವೇ ಕೇಳಿದರು: "ಬಾಯಿಗೆ ಬೀಗ ಹಾಕಿದ್ದರೆ ಸಾಕಿತ್ತಲ್ಲ ಮಗಳೇ, ಅಲ್ಲಾಹು ಕೊಟ್ಟ ಹೊಟ್ಟೆಯನ್ನು ಯಾಕೆ ಕತ್ತರಿಸಲು ಹೋದೆ?" ತಂಗಿ ಏನೂ ಹೇಳಲಿಲ್ಲ. ಲೋಟದಲ್ಲಿ ಉಳಿದಿದ್ದ ನೀರನ್ನೇ ನೋಡುತ್ತಿದ್ದಳು.

ಅವರೆಲ್ಲ ಹೋದ ಮೇಲೆ ಆಕೆ ನನ್ನ ಬಳಿ ಬೇರೆಯೇ ಪ್ರಶ್ನೆ ಕೇಳಿದಳು. "ಅಕ್ಕಾ, ಎರಡು ದಿನದಿಂದ ನನಗೆ ಹಸಿವೇ ಇಲ್ಲ. ಇಷ್ಟು ವರ್ಷ ಹಸಿವಿನ ಜೊತೆ ಜಗಳವಾಡಿ ಸೋತೆ. ಈಗ ಡಾಕ್ಟರು ಆ ಹಸಿವನ್ನೇ ತೆಗೆದುಬಿಟ್ಟಿದ್ದಾರೆ. ಇನ್ನು ನಾನು ಕಡಿಮೆ ತಿಂದರೆ ಅದು ಸಬ್ರ್ ಆಗುತ್ತದೆಯೇ? ವೈರಿಯೇ ಇಲ್ಲದ ಮೇಲೆ ಗೆದ್ದೆ ಎನ್ನಲು ಬರುತ್ತದೆಯೇ?"

ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಅವಳ ಮಕ್ಕಳನ್ನು ನೋಡಿಕೊಳ್ಳಲೆಂದು ಮೂಡುಬಿದಿರೆಯ ಬಸ್ಸು ಹತ್ತಿದವಳು ಗುರುಪುರ, ಕೈಕಂಬ, ಎಡಪದವು, ಮಿಜಾರು ದಾಟಿ ತೋಡಾರಿನಲ್ಲಿ ಇಳಿಯುವವರೆಗೂ ಅದನ್ನೇ ಯೋಚಿಸಿದೆ. ಓದುಗರೇ, ಹಿರಿಯಾಕೆಯ ಪ್ರಶ್ನೆ ಮತ್ತು ತಂಗಿಯ ಪ್ರಶ್ನೆ ಎರಡೂ ನಮ್ಮೆಲ್ಲರ ಮನೆಗಳಿಗೆ ಸಂಬಂಧಿಸಿದವು. ಆದ್ದರಿಂದ ಅವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಡೆದುದೇನು?

ಮೊದಲು ವಿಷಯವೇನೆಂದು ತಿಳಿಯೋಣ. ತಿಳಿಯದೆ ತೀರ್ಪು ಕೊಡುವುದು ನ್ಯಾಯವಲ್ಲ.

ತಂಗಿಗೆ ಮಾಡಿದ್ದು ಜಠರದ ಗಾತ್ರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಕ್ಯಾಮರಾದ ಸಹಾಯದಿಂದ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಮಾತ್ರ. ಆರಂಭದಲ್ಲಿ ಅದರಲ್ಲಿ ಹಿಡಿಯುವುದು ಅರ್ಧ ಲೋಟದಷ್ಟು ಆಹಾರ. ಆದರೆ ಗಾತ್ರವಷ್ಟೇ ಕಡಿಮೆಯಾಗುವುದಲ್ಲ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ಅದು ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ, ಅಂದರೆ ಕತ್ತರಿಸಿ ತೆಗೆಯುವ ಭಾಗದಲ್ಲೇ. ತಂಗಿಗೆ ಹಸಿವೇ ಆಗದಿದ್ದುದಕ್ಕೆ ಒಂದು ಮುಖ್ಯ ಕಾರಣ ಇದು. ಇದಲ್ಲದೆ ಜಠರವನ್ನು ಸಣ್ಣದಾಗಿಸಿ ಕರುಳಿಗೆ ಹೊಸ ದಾರಿ ಜೋಡಿಸುವ ಇನ್ನೊಂದು ವಿಧಾನವಿದೆ. ಅದನ್ನು 1960ರ ದಶಕದಲ್ಲಿ ಅಮೇರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಆರಂಭಿಸಿದರು.

ಇದು ಎಲ್ಲರಿಗೂ ಮಾಡುವಂಥದ್ದಲ್ಲ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ದೇಹತೂಕದ ಸೂಚ್ಯಂಕ ಸಿಗುತ್ತದೆ. ಅದು 35 ದಾಟಿದವರಿಗೆ, ಅಥವಾ 30 ದಾಟಿ ಸಕ್ಕರೆ ಕಾಯಿಲೆಯಂತಹ ತೊಂದರೆಯಿರುವವರಿಗೆ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಶಸ್ತ್ರಚಿಕಿತ್ಸಕರ ಅಂತಾರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಹೇಳಿದವು. ನಮ್ಮಂತಹ ಏಷ್ಯದವರಿಗೆ ಈ ಮಿತಿ ಇನ್ನೂ ಕಡಿಮೆ. ಐದು ಅಡಿ ಒಂದು ಇಂಚು ಎತ್ತರದ ನನ್ನ ತಂಗಿಯ ತೂಕ 112 ಕಿಲೋ ಇತ್ತು. ಸೂಚ್ಯಂಕ 46ಕ್ಕೂ ಮೇಲೆ. ಜೊತೆಗೆ ಸಕ್ಕರೆ ಕಾಯಿಲೆ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಮೊಣಕಾಲು ಮಡಚಲಾಗದೆ ನಾಲ್ಕು ವರ್ಷಗಳಿಂದ ಕುರ್ಚಿಯ ಮೇಲೆ ನಮಾಝ್. "ಒಮ್ಮೆ ನೆಲಕ್ಕೆ ಹಣೆಯಿಟ್ಟು ಸುಜೂದ್ ಮಾಡಬೇಕು" ಎಂದು ಆಕೆ ಅತ್ತದ್ದನ್ನು ನಾನು ಕಂಡಿದ್ದೇನೆ.

ಸೃಷ್ಟಿಯನ್ನು ಬದಲಿಸಿದಂತಾಯಿತೇ?

ಹಿರಿಯಾಕೆಯ ಪ್ರಶ್ನೆಯ ಒಂದು ಭಾಗ ಇದು. ಅಲ್ಲಾಹನ ಸೃಷ್ಟಿಯನ್ನು ವಿಕೃತಗೊಳಿಸುವಂತೆ ಮನುಷ್ಯರಿಗೆ ಪ್ರೇರಣೆ ಕೊಡುವುದು ಶೈತಾನನ ಸಂಕಲ್ಪವೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 119ನೇ ವಚನದಲ್ಲಿದೆ. ಹಿರಿಯಾಕೆಯ ಮನಸ್ಸಿನಲ್ಲಿದ್ದುದು ಆ ಎಚ್ಚರಿಕೆಯೇ. ಅದು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ.

ಆದರೆ ಕಲ್ಲು ತುಂಬಿದ ಪಿತ್ತಕೋಶವನ್ನು ತೆಗೆಸಿದವರಿಗೆ ನಾವು ಈ ಮಾತು ಹೇಳುವುದಿಲ್ಲ. ಗ್ಯಾಂಗ್ರಿನ್ ಆದ ಬೆರಳನ್ನು ಕತ್ತರಿಸಿದವರಿಗೂ ಹೇಳುವುದಿಲ್ಲ. ಸಿಸೇರಿಯನ್ ಆದ ಬಾಣಂತಿಗಂತೂ ಹೇಳುವುದೇ ಇಲ್ಲ. ಯಾಕೆಂದರೆ ಅವು ಚಿಕಿತ್ಸೆಗಳು. ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಮುಪ್ಪಿನ ಹೊರತು ಎಲ್ಲ ರೋಗಗಳಿಗೂ ಅಲ್ಲಾಹನು ಮದ್ದನ್ನಿಟ್ಟಿದ್ದಾನೆಂಬ ಅರ್ಥದ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ದೇಹ ನಮ್ಮ ಸ್ವಂತ ಆಸ್ತಿಯಲ್ಲ, ಅಮಾನತ್. ಅಮಾನತ್ತನ್ನು ಅಂದಕ್ಕಾಗಿ ಕೆತ್ತುವುದು ಬೇರೆ, ಹಾಳಾಗುತ್ತಿರುವುದನ್ನು ಉಳಿಸಲು ದುರಸ್ತಿ ಮಾಡುವುದು ಬೇರೆ.

ಈ ವ್ಯತ್ಯಾಸ ಬಹಳ ಮುಖ್ಯ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಯುವ ಸೌಂದರ್ಯ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಆ ಸುದ್ದಿ ಕೇಳಿದ ಅನೇಕರು ತೂಕಕ್ಕೆ ಸಂಬಂಧಿಸಿದ ಎಲ್ಲ ಶಸ್ತ್ರಚಿಕಿತ್ಸೆಗಳೂ ಒಂದೇ ಎಂದು ಭಾವಿಸಿದರು. ಒಂದೇ ಅಲ್ಲ. ಚರ್ಮದಡಿಯ ಕೊಬ್ಬನ್ನು ಹೀರಿ ಆಕಾರ ಬದಲಿಸುವುದರಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದಿಲ್ಲ. ಜಠರದ ಶಸ್ತ್ರಚಿಕಿತ್ಸೆಯ ಉದ್ದೇಶವೇ ರೋಗ ನಿವಾರಣೆ. ಸ್ವೀಡನ್ನಿನಲ್ಲಿ 1987ರಿಂದ ಸುಮಾರು ನಾಲ್ಕು ಸಾವಿರ ಜನರನ್ನು ವರ್ಷಾನುವರ್ಷ ಗಮನಿಸಲಾಯಿತು. ಅವರಲ್ಲಿ ಅರ್ಧದಷ್ಟು ಮಂದಿ ಇಂತಹ ಶಸ್ತ್ರಚಿಕಿತ್ಸೆಗೆ ಒಳಗಾದವರು, ಉಳಿದವರು ಒಳಗಾಗದವರು. ಚಿಕಿತ್ಸೆ ಪಡೆದವರಲ್ಲಿ ಸಾವು ಕಡಿಮೆಯಾಗಿತ್ತೆಂದು 2007ರಲ್ಲಿ ಪ್ರಕಟವಾಯಿತು. ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಹೊಲಿಗೆ ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು, ರಕ್ತಸ್ರಾವವಾಗಬಹುದು. ಆದ್ದರಿಂದ ಮದುವೆಯ ಸೀರೆ ಚೆನ್ನಾಗಿ ಒಪ್ಪಲೆಂದು ಈ ದಾರಿ ಹಿಡಿಯುವವರು ನಿಂತು ಯೋಚಿಸಬೇಕು. ಪ್ರಾಣಕ್ಕೆ ಕುತ್ತು ಬಂದವರನ್ನು ಹಂಗಿಸುವ ಮೊದಲು ನಾವೂ ನಿಂತು ಯೋಚಿಸಬೇಕು.

ದಪ್ಪಗಿರುವುದು ಪಾಪವೇ?

ಹಿರಿಯಾಕೆಯ ಪ್ರಶ್ನೆಯ ಇನ್ನೊಂದು ಭಾಗ ಬಾಯಿಯ ಬೀಗದ್ದು. ದಪ್ಪಗಿರುವವರೆಲ್ಲ ಹೊಟ್ಟೆಬಾಕರು, ತೆಳ್ಳಗಿರುವವರೆಲ್ಲ ಸಂಯಮಿಗಳು ಎಂಬ ಲೆಕ್ಕ ನಮ್ಮ ನಾಲಿಗೆಯಲ್ಲಿ ಬೇರೂರಿದೆ.

ಅತಿಯಾಗಿ ತಿನ್ನುವುದನ್ನು ನಮ್ಮ ಧರ್ಮ ಮೆಚ್ಚುವುದಿಲ್ಲ ಎಂಬುದು ನಿಜ. ಅಲ್ ಅಅ್‌ರಾಫ್ ಅಧ್ಯಾಯದ 31ನೇ ವಚನ ಉಣ್ಣಲು, ಕುಡಿಯಲು ಅನುಮತಿ ಕೊಟ್ಟು ಮಿತಿ ಮೀರುವುದನ್ನು ತಡೆಯುತ್ತದೆ. ಜಠರವನ್ನು ಮೂರು ಪಾಲು ಮಾಡಿ ಒಂದನ್ನು ಅನ್ನಕ್ಕೆ, ಒಂದನ್ನು ನೀರಿಗೆ, ಒಂದನ್ನು ಉಸಿರಿಗೆ ಬಿಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಬಾಯಿಪಾಠವಿದೆ. ಆದರೆ ಈ ಆದೇಶ ಇರುವುದು ತಿನ್ನುವ ಕ್ರಿಯೆಯ ಬಗ್ಗೆಯೇ ಹೊರತು ದೇಹದ ಅಳತೆಯ ಬಗ್ಗೆಯಲ್ಲ. ಬಿರಿಯಾನಿಯ ಮೂರು ತಟ್ಟೆ ಮುಗಿಸಿಯೂ ಕಡ್ಡಿಯಂತಿರುವ ಯುವಕರನ್ನು ನೀವು ನೋಡಿಲ್ಲವೇ? ಮಿತಿ ಮೀರಿದವನು ಅವನು. ಆದರೆ ಮದುವೆ ಮನೆಯಲ್ಲಿ ನಗೆಗೀಡಾಗುವುದು ಒಂದೇ ತಟ್ಟೆ ತಿಂದ ದಪ್ಪ ಹೆಣ್ಣು.

ದೇಹ ಬೆಳೆಯಲು ಕಾರಣಗಳು ಹಲವು. ವಂಶ, ಹಾರ್ಮೋನು, ಹೆರಿಗೆ, ಕೆಲವು ಔಷಧಿಗಳು, ನಿದ್ದೆಗೇಡು, ಕುಳಿತು ಮಾಡುವ ಕೆಲಸ. ಬೆಳಗ್ಗಿನಿಂದ ರಾತ್ರಿಯವರೆಗೆ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿದ ನಮ್ಮ ಉಮ್ಮಂದಿರು ಎದ್ದು ನಡೆಯಲು ಯಾರು ಸಮಯ ಕೊಟ್ಟಿದ್ದರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 24 ಮಂದಿ, ಪುರುಷರಲ್ಲಿ ಶೇಕಡಾ 23ರಷ್ಟು ಮಂದಿ ಅಧಿಕ ತೂಕದವರು. ದೇಶದ ಕಾಲು ಭಾಗ ಏಕಾಏಕಿ ಹೊಟ್ಟೆಬಾಕರಾದರು ಎನ್ನೋಣವೇ? ಈಜಿಪ್ಟಿನ ಇಮಾನ್ ಅಹ್ಮದ್ ಎಂಬ ಸಹೋದರಿಯ ಕಥೆ ನೆನಪಿರಬಹುದು. ಸುಮಾರು 500 ಕಿಲೋ ತೂಗುತ್ತಿದ್ದ ಆಕೆಯನ್ನು 2017ರ ಫೆಬ್ರವರಿಯಲ್ಲಿ ಚಿಕಿತ್ಸೆಗೆಂದು ಮುಂಬಯಿಗೆ ತರಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಬುಧಾಬಿಯಲ್ಲಿ ಆಕೆ ಅಲ್ಲಾಹನ ಕರೆಗೆ ಓಗೊಟ್ಟರು. ಹೊಟ್ಟೆ ತುಂಬಿದ ಸಂದೇಶವನ್ನು ಮಿದುಳು ಸ್ವೀಕರಿಸುವ ವ್ಯವಸ್ಥೆಗೆ ಸಂಬಂಧಿಸಿದ ಜೀನಿನಲ್ಲೇ ಆಕೆಗೆ ದೋಷವಿತ್ತೆಂದು ಮುಂಬಯಿಯ ವೈದ್ಯರು ತಿಳಿಸಿದ್ದರು. ಆಕೆಗೆ ಬಾಯಿ ಮುಚ್ಚು ಎಂದು ಉಪದೇಶ ಮಾಡಿದ್ದರೆ ಅದು ಕುರುಡನಿಗೆ ಕಣ್ಣು ಬಿಟ್ಟು ನಡೆ ಎಂದಂತೆ.

ಪ್ರವಾದಿವರ್ಯರ(ಸ) ಮನೆಯನ್ನೇ ನೋಡಿ. ಅವರ ಪತ್ನಿ ಹ. ಸೌದಾ(ರ) ಭಾರವಾದ ಮೈಕಟ್ಟಿನವರು, ನಿಧಾನವಾಗಿ ನಡೆಯುವವರು. ಹಜ್ಜ್‌ನಲ್ಲಿ ಮುಝ್ದಲಿಫಾದಿಂದ ಜನಜಂಗುಳಿಗಿಂತ ಮೊದಲೇ ಹೊರಡಲು ಅವರು ಅನುಮತಿ ಕೇಳಿದರು. ಪ್ರವಾದಿವರ್ಯರು(ಸ) ಕೊಟ್ಟರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಈ ವರದಿಯಲ್ಲಿ ಒಂದೇ ಒಂದು ಚುಚ್ಚುಮಾತಿಲ್ಲ. ಹ. ಆಯಿಶಾ(ರ)ರೊಂದಿಗೆ ಪ್ರವಾದಿವರ್ಯರು(ಸ) ಓಟದ ಪಂದ್ಯ ನಡೆಸಿದ್ದರು. ಮೊದಲು ಆಯಿಶಾ(ರ) ಗೆದ್ದರು. ಅವರ ಮೈ ತುಂಬಿದ ಮೇಲೆ ನಡೆದ ಓಟದಲ್ಲಿ ಪ್ರವಾದಿವರ್ಯರು(ಸ) ಗೆದ್ದು, ಅಂದಿಗೆ ಇಂದು ಸಮವಾಯಿತೆಂದು ತಮಾಷೆ ಮಾಡಿದರು. ಅಲ್ಲಿದ್ದುದು ಪ್ರೀತಿ, ಅಪಮಾನವಲ್ಲ. ಆದರೆ ಅದೇ ಆಯಿಶಾ(ರ) ಇನ್ನೊಬ್ಬ ಪತ್ನಿ ಹ. ಸಫಿಯ್ಯಾ(ರ)ರ ಗಿಡ್ಡ ದೇಹವನ್ನು ಸೂಚಿಸಿ ಒಂದು ಮಾತಾಡಿದಾಗ, ಆ ಮಾತನ್ನು ಸಮುದ್ರದಲ್ಲಿ ಬೆರೆಸಿದರೆ ಸಮುದ್ರದ ನೀರೂ ಕೆಟ್ಟೀತೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಅಬೂದಾವೂದ್‌ನಲ್ಲಿದೆ. ಒಂದು ದೇಹದ ಅಳತೆಯ ಬಗ್ಗೆ ಆಡಿದ ಒಂದು ಮಾತು! ನಾವು ದಿನಕ್ಕೆ ಎಷ್ಟು ಸಮುದ್ರಗಳನ್ನು ಕೆಡಿಸುತ್ತೇವೆ?

ಹಸಿವಿಲ್ಲದವನ ಸಂಯಮ

ಈಗ ತಂಗಿಯ ಪ್ರಶ್ನೆಗೆ ಬರೋಣ. ಇದು ಹಿರಿಯಾಕೆಯ ಪ್ರಶ್ನೆಗಿಂತ ಕಠಿಣ. ಹಸಿವಿದ್ದೂ ಕೈ ತಡೆಯುವುದು ಸಂಯಮ. ಹಸಿವನ್ನೇ ಚಾಕು ತೆಗೆದಿದ್ದರೆ ಆ ಸಂಯಮಕ್ಕೆ ಬೆಲೆಯೇನು?

ಮೊದಲನೆಯದಾಗಿ, ಈ ಪ್ರಶ್ನೆಯನ್ನು ಎಲ್ಲರಿಗೂ ಸಮಾನವಾಗಿ ಕೇಳಬೇಕು. ಹುಟ್ಟಿನಿಂದಲೇ ಸಣ್ಣ ಹಸಿವಿನವರು ನಮ್ಮ ನಡುವೆ ಇದ್ದಾರೆ. ಎರಡು ತುತ್ತಿಗೆ ಅವರಿಗೆ ಸಾಕಾಗುತ್ತದೆ. ನಾವು ಅವರನ್ನು ಹೊಗಳುತ್ತೇವೆ. ವಾಸ್ತವದಲ್ಲಿ ಅವರು ಗೆದ್ದದ್ದು ಯಾವ ಯುದ್ಧವನ್ನು? ಅವರ ಕಡಿಮೆ ಊಟ ಅವರ ಪುಣ್ಯವಲ್ಲ, ಅವರಿಗೆ ಸಿಕ್ಕಿದ ಕೊಡುಗೆ. ಹಾಗೆಯೇ ದೊಡ್ಡ ಹಸಿವಿನೊಂದಿಗೆ ಹುಟ್ಟಿದವಳು ಹತ್ತು ಸಲ ಸೋತು ನಲ್ವತ್ತು ಸಲ ಕೈ ತಡೆದಿದ್ದರೆ, ಆ ನಲ್ವತ್ತು ಹೋರಾಟಗಳನ್ನು ಕಂಡವನು ಅಲ್ಲಾಹನೊಬ್ಬನೇ. ನಮ್ಮ ಕಣ್ಣಿಗೆ ಬಿದ್ದದ್ದು ಹತ್ತು ಸೋಲು ಮಾತ್ರ. ದೇಹವನ್ನು ನೋಡಿ ಸಂಯಮವನ್ನು ಅಳೆಯಲಾಗದೆಂಬುದು ಇದರಿಂದ ಸ್ಪಷ್ಟ.

ಎರಡನೆಯದಾಗಿ, ಪ್ರಲೋಭನೆಯಿಂದ ದೂರ ಹೋಗುವುದೂ ಒಂದು ಹೋರಾಟವೇ. ನೂರು ಮಂದಿಯನ್ನು ಕೊಂದವನೊಬ್ಬನ ವೃತ್ತಾಂತ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಪಶ್ಚಾತ್ತಾಪಪಟ್ಟು ಬಂದ ಅವನಿಗೆ ಜ್ಞಾನಿಯೊಬ್ಬರು, ಅದೇ ಊರಿನಲ್ಲಿದ್ದು ಮನಸ್ಸನ್ನು ಗಟ್ಟಿ ಮಾಡಿಕೋ ಎನ್ನಲಿಲ್ಲ. ಆ ಊರು ನಿನಗೆ ಕೆಟ್ಟದ್ದು, ಅದನ್ನು ಬಿಟ್ಟು ಸಜ್ಜನರಿರುವ ಊರಿಗೆ ಹೋಗು ಎಂಬುದೇ ಅವರ ಸಲಹೆಯಾಗಿತ್ತು. ಅವನು ಹೊರಟ. ದಾರಿಯಲ್ಲೇ ಮರಣ ಬಂತು. ಆದರೂ ಅವನು ಹೊರಟ ದಿಕ್ಕನ್ನು ನೋಡಿ ಕ್ಷಮೆ ದೊರೆಯಿತು. ಪರಿಸ್ಥಿತಿಯನ್ನು ಬದಲಾಯಿಸುವುದು ತೌಬಾದ ದುರ್ಬಲ ರೂಪವಲ್ಲ, ಅದೇ ತೌಬಾದ ಭಾಗ. ಕುಡಿತ ಬಿಡಲು ಹೊರಟವನು ಆ ಅಂಗಡಿಯ ಬೀದಿಯನ್ನೇ ತೊರೆದರೆ ನಾವು ಅವನನ್ನು ಹೇಡಿ ಎನ್ನುವುದಿಲ್ಲ. ಕೆಲವರಿಗೆ ತೊರೆಯಬೇಕಾದ ಊರು ಹೊರಗೆ ಇರುವುದಿಲ್ಲ, ಅವರ ಜಠರದೊಳಗೇ ಇರುತ್ತದೆ. ಪ್ರಾಣದ ಅಪಾಯವನ್ನು ಒಪ್ಪಿ, ಕಾಗದಕ್ಕೆ ಸಹಿ ಹಾಕಿ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವುದು ಆ ಊರನ್ನು ಬಿಡುವ ಹೆಜ್ಜೆ. ಕ್ರಿಯೆಗಳಿಗೆ ಸಂಕಲ್ಪದಂತೆ ಪ್ರತಿಫಲವೆಂಬ ಪ್ರವಾದಿ ಬೋಧನೆ ಇಲ್ಲಿಗೂ ಅನ್ವಯಿಸುತ್ತದೆ.

ಮೂರನೆಯದಾಗಿ, ಸುಳ್ಳು ಸಾಂತ್ವನ ಬೇಡ. ಚಾಕು ಹಸಿವನ್ನು ಶಾಶ್ವತವಾಗಿ ತೆಗೆಯುವುದಿಲ್ಲ. ತಿಂಗಳುಗಳು ಕಳೆದಂತೆ ಹಸಿವು ಅಲ್ಪಸ್ವಲ್ಪ ಮರಳುತ್ತದೆ. ಚಿಕ್ಕ ಜಠರ ಕೊಂಚ ಹಿಗ್ಗುತ್ತದೆ. ಅನ್ನ, ರೊಟ್ಟಿ ಇಳಿಯದ ಕೊಳವೆಯಲ್ಲಿ ಐಸ್‌ಕ್ರೀಮು, ಶರಬತ್ತು, ಚಾಕೊಲೇಟು ಸುಲಭವಾಗಿ ಜಾರುತ್ತವೆ. ಕೆಲವರು ಎರಡು ಮೂರು ವರ್ಷಗಳ ಬಳಿಕ ಕಳೆದ ತೂಕದ ಒಂದು ಪಾಲನ್ನು ಮತ್ತೆ ಗಳಿಸುವುದು ಇದರಿಂದಲೇ. ಅಲ್ಲದೆ ದುಃಖಕ್ಕೆ, ಒಂಟಿತನಕ್ಕೆ, ಬೇಸರಕ್ಕೆ ತಿನ್ನುವ ಅಭ್ಯಾಸವನ್ನು ಯಾವ ಶಸ್ತ್ರವೂ ಕತ್ತರಿಸದು. ಗಂಡ ಗಲ್ಫಿನಲ್ಲಿ, ಮಕ್ಕಳು ಶಾಲೆಯಲ್ಲಿ, ಮಧ್ಯಾಹ್ನದ ಮನೆಯಲ್ಲಿ ಒಬ್ಬಳೇ ಕುಳಿತು ತಿಂದ ತುತ್ತುಗಳಿಗೆ ಕಾರಣ ಹೊಟ್ಟೆಯ ಹಸಿವಾಗಿರಲಿಲ್ಲವೆಂದು ತಂಗಿಯೇ ನನಗೆ ಹೇಳಿದ್ದಳು.

ಆದ್ದರಿಂದ ನನ್ನ ಉತ್ತರ ಹೀಗಿದೆ. ಮೊದಲ ತಿಂಗಳುಗಳ ಕಡಿಮೆ ಊಟ ನಿನ್ನ ಸಬ್ರ್ ಅಲ್ಲ. ಅದು ನಿನಗೆ ದೊರೆತ ಅನುಗ್ರಹ. ಅನುಗ್ರಹಕ್ಕೆ ಸಲ್ಲಬೇಕಾದದ್ದು ಶುಕ್ರ್. ಅದರಲ್ಲಿ ಅಹಂಕಾರಕ್ಕೆ ಜಾಗವಿಲ್ಲ, ನಾಚಿಕೆಗೂ ಜಾಗವಿಲ್ಲ. ವೈರಿ ಸತ್ತಿಲ್ಲ, ಅವನು ಒಂದಷ್ಟು ಕಾಲ ದೂರ ಹೋಗಿದ್ದಾನೆ. ಆ ಬಿಡುವಿನಲ್ಲಿ ನೀನು ಕಟ್ಟುವ ಕೋಟೆಯೇ ನಿನ್ನ ಸಂಯಮ. ಅದರ ಪ್ರತಿಯೊಂದು ಕಲ್ಲೂ ನಿನ್ನದೇ.

ಆಸ್ಪತ್ರೆಯ ದಿನಗಳು

ಆ ಕೋಟೆಯ ಮೊದಲ ಕಲ್ಲುಗಳು ಆಸ್ಪತ್ರೆಯಲ್ಲೇ ಬೀಳುತ್ತವೆ. ಅರಿವಳಿಕೆ ಇಳಿದ ಕೆಲವೇ ಗಂಟೆಗಳಲ್ಲಿ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಇದು ದಾದಿಯರ ಕಠೋರತೆಯಲ್ಲ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಪ್ರಾಣ ತೆಗೆಯಬಹುದು. ಮೂರು ಚೆಂಡುಗಳಿರುವ ಒಂದು ಸಾಧನ ಕೊಟ್ಟು ಉಸಿರೆಳೆದು ಚೆಂಡುಗಳನ್ನು ಮೇಲೇರಿಸಲು ಹೇಳುತ್ತಾರೆ. ಶ್ವಾಸಕೋಶದಲ್ಲಿ ಸೋಂಕು ಆಗದಿರಲೆಂದು. ಶಸ್ತ್ರಚಿಕಿತ್ಸೆಗಾಗಿ ಹೊಟ್ಟೆಗೆ ತುಂಬಿದ ಗಾಳಿಯಿಂದ ಭುಜ ನೋಯುತ್ತದೆ. ನಡೆದರೆ ಅದೂ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಮನೆಗೆ ಬಂದ ಮೇಲೆ ಜ್ವರ, ವಿಪರೀತ ಎದೆಬಡಿತ, ಹೆಚ್ಚುತ್ತಿರುವ ಹೊಟ್ಟೆನೋವು ಕಂಡರೆ ನಾಳೆ ನೋಡೋಣ ಎನ್ನಬಾರದು. ಕೂಡಲೇ ಆಸ್ಪತ್ರೆಗೆ ಮರಳಬೇಕು. ಹೊಲಿಗೆ ಸೋರುತ್ತಿರುವ ಸೂಚನೆ ಅದಾಗಿರಬಹುದು.

ಮೊದಲ ಎರಡು ವಾರ ದ್ರವಾಹಾರ ಮಾತ್ರ. ಬಳಿಕ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಸಾಧಾರಣ ಊಟಕ್ಕೆ ಬರಲು ಒಂದೂವರೆ ಎರಡು ತಿಂಗಳು ಬೇಕು. ಪ್ರತಿಯೊಂದು ತುತ್ತನ್ನೂ ಚೆನ್ನಾಗಿ ಅಗಿದು ತಿನ್ನಬೇಕು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆಯ ಅಂತರವಿರಬೇಕು. ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಂತೆ ಪ್ರೊಟೀನ್ ಸೇರಬೇಕು. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಜೀವಮಾನವಿಡೀ ಬಿಡಬಾರದು. ಮೈಕೈ ನೋವಿಗೆ ಅಂಗಡಿಯಿಂದ ಸಿಕ್ಕಿದ ಗುಳಿಗೆ ನುಂಗಬಾರದು. ಕೆಲವು ಗುಳಿಗೆಗಳು ಜಠರದಲ್ಲಿ ಹುಣ್ಣು ಮಾಡುತ್ತವೆ. ಮೂರು ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರಿದರೆ ಗಾಬರಿಯಾಗಬೇಕಿಲ್ಲ. ಸಾಮಾನ್ಯವಾಗಿ ಮತ್ತೆ ಬರುತ್ತದೆ. ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸದಿರುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ಇದನ್ನು ಗಂಡಂದಿರೂ ತಿಳಿದಿರಬೇಕು.

ಈ ದಿನಗಳಲ್ಲಿ ಅನೇಕರಿಗೆ "ಯಾಕಾದರೂ ಮಾಡಿಸಿಕೊಂಡೆನೋ" ಎಂಬ ಅಳು ಬರುತ್ತದೆ. ಇಷ್ಟು ವರ್ಷ ಜೊತೆಗಿದ್ದ ಸಂಗಾತಿಯೊಬ್ಬರು ಮನೆ ಬಿಟ್ಟು ಹೋದಂತೆ ಊಟದ ನೆನಪು ಕಾಡುತ್ತದೆ. ಇದು ಈಮಾನಿನ ಕೊರತೆಯಲ್ಲ. ಆಗ ಬೇಕಾದದ್ದು ಉಪದೇಶವಲ್ಲ, ಪಕ್ಕದಲ್ಲಿ ಕುಳಿತುಕೊಳ್ಳುವವರು.

ಆರಾಧನೆಯ ವಿಷಯದಲ್ಲೂ ಇಸ್ಲಾಮ್ ರೋಗಿಯ ಕೈ ಬಿಟ್ಟಿಲ್ಲ. ಕಾಯಿಲೆಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ಮಾಡಲು ಪ್ರವಾದಿವರ್ಯರು(ಸ) ಕಲಿಸಿದರು. ಉಪವಾಸವೂ ಹಾಗೆ. ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯಲೇಬೇಕಾದ ಆರಂಭದ ತಿಂಗಳುಗಳಲ್ಲಿ ವೈದ್ಯರು ಉಪವಾಸ ಬೇಡವೆನ್ನುತ್ತಾರೆ. ಅಲ್‌ಬಕರ ಅಧ್ಯಾಯದ 185ನೇ ವಚನ ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ರಿಯಾಯಿತಿ ಕೊಟ್ಟು, ಅಲ್ಲಾಹನು ಬಯಸುವುದು ಸರಳತೆಯನ್ನೆಂದು ತಿಳಿಸುತ್ತದೆ. ರಮಝಾನಿನ ಹಗಲಲ್ಲಿ ವೈದ್ಯರ ಮಾತಿನಂತೆ ನೀರು ಕುಡಿಯುವ ರೋಗಿ, ಉಪವಾಸವಿರುವ ನಮ್ಮ ನಿಮ್ಮಷ್ಟೇ ಅಲ್ಲಾಹನಿಗೆ ವಿಧೇಯ. ಮುಂದಿನ ಕಝಾದ ಬಗ್ಗೆ ವೈದ್ಯರನ್ನೂ ಉಲಮಾರನ್ನೂ ಕೇಳಿ ತೀರ್ಮಾನಿಸಬೇಕು.

ನಮ್ಮ ಹೊಣೆ

ಇನ್ನು ನೋಡಲು ಬರುವ ನಮ್ಮ ವಿಚಾರ. ರೋಗಿಯನ್ನು ತಿನ್ನಲು, ಕುಡಿಯಲು ಒತ್ತಾಯಿಸಬೇಡಿರೆಂಬ ಅರ್ಥದ ಹದೀಸ್ ತಿರ್ಮಿದಿ ಮತ್ತು ಇಬ್ನುಮಾಜದಲ್ಲಿದೆ. ನಮ್ಮ ಕರಾವಳಿಯ ಮನೆಗಳಲ್ಲಿ ಪ್ರೀತಿಯ ಭಾಷೆಯೇ ಊಟ. ಅತಿಥಿ ಬಂದರೆ ಪತ್ತಿರಿ, ಕೋಳಿಸಾರು. ಬೇಡವೆಂದರೆ ತಟ್ಟೆಗೆ ಇನ್ನೂ ಎರಡು. "ನನ್ನ ಮೇಲೆ ಸಿಟ್ಟೇ?" ಎಂಬ ಮಾತು ಬೇರೆ. ಆದರೆ ಅತಿಥಿಗೆ ಸಲ್ಲಬೇಕಾದದ್ದು ಸತ್ಕಾರ, ಶಿಕ್ಷೆಯಲ್ಲ. ಅರ್ಧ ಲೋಟದಷ್ಟು ಜಾಗವಿರುವ ಹೊಟ್ಟೆಗೆ ನಾವು ತುರುಕುವ ಒಂದು ತುತ್ತು ಹೆಚ್ಚಾದರೂ ಆಕೆ ಎದ್ದು ಹೋಗಿ ವಾಂತಿ ಮಾಡಬೇಕಾಗುತ್ತದೆ. ಮದುವೆ ಮನೆಯಲ್ಲಿ ಎರಡು ಚಮಚ ತಿಂದು ತಟ್ಟೆ ಸರಿಸಿದವರನ್ನು ಸುಮ್ಮನೆ ಬಿಡುವುದೂ ಒಂದು ಸತ್ಕಾರವೇ.

ಎಲ್ಲರಿಗೂ ಹೇಳಬೇಕೇ ಎಂಬ ಸಂಕಟವೂ ತಂಗಿಗಿತ್ತು. ತನ್ನ ಚಿಕಿತ್ಸೆಯನ್ನು ಊರಿಗೆಲ್ಲ ಸಾರಬೇಕಾದ ಕಟ್ಟಳೆ ಯಾರಿಗೂ ಇಲ್ಲ. ಹೇಳದಿರುವುದು ಆಕೆಯ ಹಕ್ಕು. ಆದರೆ ಬರೀ ನಡಿಗೆಯಿಂದ, ಜೀರಿಗೆ ನೀರಿನಿಂದ ತೆಳ್ಳಗಾದೆನೆಂದು ಇನ್ನೊಬ್ಬಳಿಗೆ ಹೇಳಿದರೆ ಅದು ಸುಳ್ಳು. ಅದನ್ನು ನಂಬಿದವಳು ವರ್ಷಗಟ್ಟಲೆ ನಡೆದು, ಇಳಿಯದ ತೂಕಕ್ಕೆ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಮೌನಕ್ಕೂ ಸುಳ್ಳಿಗೂ ನಡುವೆ ದಾರಿ ಇದೆ. "ವೈದ್ಯರ ಚಿಕಿತ್ಸೆಯಲ್ಲಿದ್ದೇನೆ, ದುಆ ಮಾಡಿ" ಎಂದರೆ ಸಾಕು.

ಕೊನೆಯದಾಗಿ ಒಂದು ಘಟನೆ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ಬಹಳ ಸಣಕಲು ಕಾಲಿನವರು. ಒಮ್ಮೆ ಅವರ ಕಾಲುಗಳನ್ನು ಕಂಡು ಜೊತೆಗಿದ್ದವರು ನಕ್ಕರು. ಆ ಕಾಲುಗಳು ಅಂತಿಮ ದಿನದ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತಲೂ ಭಾರವೆಂದು ಪ್ರವಾದಿವರ್ಯರು(ಸ) ತಿಳಿಸಿದರು. ತೆಳ್ಳಗಿನ ಕಾಲಿಗೆ ನಕ್ಕವರಿಗೆ ಅಂದು ಸಿಕ್ಕಿದ ಪಾಠವೇ ದಪ್ಪ ದೇಹಕ್ಕೆ ನಗುವವರಿಗೂ ಇದೆ. ಆಸ್ಪತ್ರೆಯ ತಕ್ಕಡಿ ತೂಗುವುದು ಮಾಂಸ, ಮೂಳೆಗಳನ್ನು. ಆ ತಕ್ಕಡಿ ತೂಗುವುದು ಬೇರೆಯದನ್ನು.

ಮೊನ್ನೆ ತೋಡಾರಿನ ಮನೆಗೆ ಹೋದಾಗ ತಂಗಿಯ ಕುರ್ಚಿ ಗೋಡೆಯ ಬದಿಗೆ ಸರಿದಿತ್ತು. ಅಸರ್ ಬಾಂಗ್ ಆಯಿತು. ಆಕೆ ಮುಸಲ್ಲ ಹಾಸಿದಳು. ಮೊಣಕಾಲು ಇನ್ನೂ ಪೂರ್ತಿ ವಾಸಿಯಾಗಿಲ್ಲ. ಒಂದು ಕೈಯನ್ನು ನೆಲಕ್ಕೂರಿ ಬಹಳ ನಿಧಾನವಾಗಿ ಬಾಗಿದಳು. ಹಣೆ ನೆಲ ಮುಟ್ಟಿತು. ಏಳಲು ತುಸು ಹೊತ್ತು ಹಿಡಿಯಿತು. ಎದ್ದಾಗ ಅವಳ ಕಣ್ಣು ಒದ್ದೆಯಾಗಿತ್ತು. ಅಂದು ಅವಳು ಕೇಳಿದ ಪ್ರಶ್ನೆಯನ್ನು ನಾನು ಮತ್ತೆ ಎತ್ತಲಿಲ್ಲ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂತಹ ರೋಗಿ ಇದ್ದರೆ ಮುಂದಿನ ಬಾರಿ ಹೋಗುವಾಗ ಸೂಪಿನ ಫ್ಲಾಸ್ಕನ್ನು ಮನೆಯಲ್ಲೇ ಬಿಡಿ. ಒಂದು ಒಳ್ಳೆಯ ಮಾತನ್ನು ಕೊಂಡೊಯ್ಯಿರಿ. ಎಲ್ಲ ರೋಗಿಗಳಿಗೂ ಅಲ್ಲಾಹನು ಸಂಪೂರ್ಣ ಶಮನ ನೀಡಲಿ. ನಮ್ಮ ನಾಲಿಗೆಗೂ ಅವನು ಆರೋಗ್ಯ ಕೊಡಲಿ, ಆಮೀನ್.